ಕೈಯ ಮಾತು ಕಲಿತ ಯಂತ್ರ: ಎರಡು ಸ್ಟ್ರೀಟ್ ಫೈಟರ್‌ಗಳು

ಜಪಾನಿನ ಕ್ಯಾಪ್ಕಾಮ್ ಸಂಸ್ಥೆ 1987ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್’ ಮತ್ತು 1991ರಲ್ಲಿ ಬಂದ ಅದರ ಮುಂದಿನ ಭಾಗ ‘ಸ್ಟ್ರೀಟ್ ಫೈಟರ್ 2’, ಇಬ್ಬರು ಮಲ್ಲರು ಪರದೆಯ ಮೇಲೆ ಎದುರುಬದುರಾಗಿ ಸೆಣಸುವ, ಮೇಲ್ನೋಟಕ್ಕೆ ಒಂದೇ ತೆರನಾದ ವಿಡಿಯೊ ಗೇಮ್‌ಗಳು. ಆದರೆ ಆಡುವವನ ಕೈಚಲನೆಯನ್ನು ಯಂತ್ರ ಗ್ರಹಿಸುವ ಬಗೆಯಲ್ಲಿ ಇವೆರಡಕ್ಕೂ ಬಹಳ ಅಂತರವಿದೆ.

ಮೊದಲ ಆಟದ ಒಂದು ಮಾದರಿಯಲ್ಲಿ ಗುದ್ದಿಗೊಂದು, ಒದೆತಕ್ಕೊಂದು ಎಂಬಂತೆ ಒತ್ತಡವನ್ನು ಅಳೆಯುವ ಎರಡು ದಪ್ಪ ಗುಂಡಿಗಳಿದ್ದು, ಅವನ್ನು ಎಷ್ಟು ಬಲವಾಗಿ ಗುದ್ದಿದರೆ ಪರದೆಯ ಹೊಡೆತವೂ ಅಷ್ಟು ಬಲವಾಗುತ್ತಿತ್ತು. ಇದರ ಬದಲಿಗೆ ಬಂದ ಇನ್ನೊಂದು ಮಾದರಿಯಲ್ಲಿ ಗುದ್ದು ಮತ್ತು ಒದೆತ ಎರಡಕ್ಕೂ ಲಘು, ಮಧ್ಯಮ, ಬಲ ಎಂಬ ಮೂರು ಮೂರು ಗುಂಡಿಗಳನ್ನು ಜೋಡಿಸಲಾಯಿತು. ಎರಡನೆಯ ಆಟ ಈ ಆರು ಗುಂಡಿಗಳನ್ನೇ ಉಳಿಸಿಕೊಂಡಿತು. ಹಿಡಿಕೆಯನ್ನು ಕೆಳಗೆ, ಕೆಳ-ಮುಂದಕ್ಕೆ, ಮುಂದಕ್ಕೆ ಸರಿಸಿ ಗುದ್ದಿನ ಗುಂಡಿ ಒತ್ತಿದರೆ ಹೊಮ್ಮುವ ‘ಹಡೋಕೆನ್’ ಎಂಬ ಶಕ್ತಿಯ ಉಂಡೆ, ಕೈಚಲನೆಯ ಸಮಯ ತೀರ ಕರಾರುವಾಕ್ಕಾಗಿರಬೇಕಿದ್ದ ಮೊದಲ ಆಟದಲ್ಲಿ ಅಪರೂಪಕ್ಕೆ ಮಾತ್ರ ಕೈಗೂಡುತ್ತಿತ್ತು. ಎರಡನೆಯದು ಸಮಯದ ಈ ಬಿಗಿಯನ್ನು ಸಡಿಲಿಸಿದ್ದರಿಂದ ಅದು ಅಭ್ಯಾಸದಿಂದ ಒಲಿಯುವ ಪಟ್ಟಾಯಿತು.

ಇಂಥ ಆಟದಲ್ಲಿ ಸೆಕೆಂಡಿಗೆ ಸುಮಾರು 60 ಚಿತ್ರಗಳು ಮೂಡುತ್ತವೆ. ಪ್ರತಿ ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಪ್ರತಿ ಹೊಡೆತಕ್ಕೂ ಕೈ ಎತ್ತುವ, ತಾಗುವ, ಹಿಂದಕ್ಕೆಳೆದುಕೊಳ್ಳುವ ಮೂರು ಹಂತಗಳಿದ್ದು, ಅವುಗಳ ಅವಧಿಯನ್ನು ಫ್ರೇಮ್‌ಗಳಲ್ಲೇ ಎಣಿಸಲಾಗುತ್ತದೆ. ಬಳ್ಳಾರಿ ಸೀಮೆಯ ಕುಸ್ತಿ ಕಣದಲ್ಲಿ ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಇನ್ನೊಂದು ಪಟ್ಟು ಹಾಕುವಂತೆ, ಎರಡನೆಯ ಆಟದಲ್ಲಿ ಮೊದಲ ಹೊಡೆತದ ಕೊನೆಯ ಹಂತವನ್ನು ಕತ್ತರಿಸಿ ಮುಂದಿನದನ್ನು ಪೋಣಿಸಬಹುದಾಗಿತ್ತು. ‘ಕಾಂಬೊ’ ಎನ್ನುವುದು ಇದನ್ನೇ. ಕಾರು ಒಡೆಯುವ ಹೆಚ್ಚುವರಿ ಸುತ್ತನ್ನು ಪರೀಕ್ಷಿಸುವಾಗ ಆಕಸ್ಮಿಕವಾಗಿ ಕಂಡ ಈ ಗುಣವನ್ನು ತಯಾರಕರು ತೆಗೆದುಹಾಕದೆ ಹಾಗೆಯೇ ಬಿಟ್ಟರು.

ಮೊದಲ ಆಟದಲ್ಲಿ ಆಡುವವರಿಗೆ ಸಿಗುತ್ತಿದ್ದವರು ರ್‍ಯು ಮತ್ತು ಕೆನ್ ಇಬ್ಬರೇ. ಎರಡನೆಯದರಲ್ಲಿ ಎಂಟು ಮಂದಿಯಿದ್ದು, ಅವರಲ್ಲೊಬ್ಬ ಭಾರತದ ಯೋಗಿ ಧಾಲ್ಸಿಮ್. ಅವನ ಕೈಕಾಲು ರಬ್ಬರಿನಂತೆ ಚಾಚಿಕೊಂಡು ದೂರದಿಂದಲೇ ಹೊಡೆಯಬಲ್ಲವಾದರೂ, ಚಾಚಿದ ಅಂಗವೇ ಎದುರಾಳಿಯ ಏಟಿಗೆ ಗುರಿಯಾಗುತ್ತದೆ. ಹೀಗೆ ಪ್ರತಿ ಬಲಕ್ಕೂ ಒಂದು ಬೆಲೆ ಕಟ್ಟಿದ್ದರಿಂದಲೇ ಸ್ಪರ್ಧೆಯ ಹೋರಾಟದ ಆಟಗಳಿಗೆ ಮೇಲ್ಪಂಕ್ತಿ ಹಾಕಿದ್ದು ಮೊದಲನೆಯದಲ್ಲ, ಎರಡನೆಯದು.