ಗುರುವಿಗೆ ಕೃತಜ್ಞತೆ ಹೇಳುವ ಬಗೆ

"ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬುದು ಹಿರಿಯರ ಮಾತು. ಉಪ್ಪು ಕೊಟ್ಟವರನ್ನೇ ಅಷ್ಟು ಕಾಲ ನೆನೆಯಬೇಕಾದರೆ ಅಕ್ಷರ ಕೊಟ್ಟವರನ್ನು ಎಷ್ಟು ಕಾಲ ನೆನೆಯಬೇಕು! ಆದರೆ ಮನಸ್ಸಿನಲ್ಲಿ ನೆನೆಯುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಸೆಪ್ಟೆಂಬರ್ 5ರಂದು ಹೂಮಾಲೆ ಹಾಕಿ "ತಾವು ಆದರ್ಶ ಶಿಕ್ಷಕರು" ಎಂದು ಭಾಷಣ ಮಾಡುತ್ತೇವೆ. ತಮ್ಮ ಯಾವ ಕೆಲಸದಿಂದ ಯಾವ ಮಗುವಿಗೆ ಏನು ಉಪಕಾರವಾಯಿತೆಂಬುದು ಮಾತ್ರ ಆ ಗುರುಗಳಿಗೆ ತಿಳಿಯದೆಯೇ ಉಳಿಯುತ್ತದೆ. ಈ ಕೊರತೆಯನ್ನು ನೀಗುವ ಒಂದು ಸರಳ ಮಾರ್ಗವನ್ನು ಮಾರ್ಷಲ್ ರೋಸೆನ್‌ಬರ್ಗ್ ಎಂಬ ಶಿಕ್ಷಕರು ತೋರಿಸಿಕೊಟ್ಟಿದ್ದಾರೆ.

ರೋಸೆನ್‌ಬರ್ಗರು 1934ರಲ್ಲಿ ಅಮೆರಿಕೆಯ ಒಹಾಯೊ ಪ್ರಾಂತದಲ್ಲಿ ಜನಿಸಿದರು. 1943ರಲ್ಲಿ ಅವರ ಕುಟುಂಬ ಡೆಟ್ರಾಯಿಟ್ ನಗರಕ್ಕೆ ಬಂದಾಗಲೇ ಅಲ್ಲಿ ಬಿಳಿಯರಿಗೂ ಕರಿಯರಿಗೂ ಭೀಕರ ಗಲಭೆ ನಡೆಯಿತು. ಮನೆಯವರೆಲ್ಲ ಕೆಲವು ದಿನ ಹೊರಗೆ ಕಾಲಿಡದೆ ಇರಬೇಕಾಯಿತು. ಮುಂದೆ ಶಾಲೆಗೆ ಹೋದರೆ, ಹೆಸರಿನಿಂದ ಯಹೂದಿ ಎಂದು ತಿಳಿದ ಹುಡುಗರು ಅವರನ್ನು ಹೊಡೆದರು. ಮನುಷ್ಯರು ಒಬ್ಬರನ್ನೊಬ್ಬರು ನೋಯಿಸುವುದೇಕೆ? ನೋವಿನಲ್ಲಿಯೂ ಕೆಲವರು ಕರುಣೆಯಿಂದ ಇರುವುದು ಹೇಗೆ? ಈ ಎರಡು ಪ್ರಶ್ನೆಗಳು ಅವರನ್ನು ಜೀವನವಿಡೀ ಬಿಡಲಿಲ್ಲ. ಮನಃಶಾಸ್ತ್ರ ಓದಿ 1961ರಲ್ಲಿ ಡಾಕ್ಟರೇಟ್ ಪಡೆದರು. ತಾವು ರೂಪಿಸಿದ ಪದ್ಧತಿಗೆ ಅವರು ಗಾಂಧೀಜಿಯವರ ಅಹಿಂಸೆಯನ್ನು ನೆನೆದು 'ಅಹಿಂಸಾತ್ಮಕ ಸಂವಹನ' ಎಂದು ಹೆಸರಿಟ್ಟರು. 2015ರಲ್ಲಿ ತೀರಿಕೊಳ್ಳುವವರೆಗೂ ಹಲವು ದೇಶಗಳಲ್ಲಿ ಅದನ್ನು ಕಲಿಸಿದರು.

ಈ ಪದ್ಧತಿಗೆ ನಾಲ್ಕು ಮೆಟ್ಟಿಲು. ಮೊದಲನೆಯದು, ಕಂಡದ್ದನ್ನು ಕಂಡಂತೆ ಹೇಳುವುದು. ಎರಡನೆಯದು, ಅದರಿಂದ ನಮ್ಮ ಮನಸ್ಸಿಗೆ ಏನಾಯಿತೆಂದು ತಿಳಿಸುವುದು. ಮೂರನೆಯದು, ನಮಗೆ ಬೇಕಾದುದು ಏನೆಂದು ಗುರುತಿಸುವುದು. ನಾಲ್ಕನೆಯದು, ಆಜ್ಞೆ ಮಾಡದೆ ಸ್ಪಷ್ಟವಾಗಿ ಕೇಳಿಕೊಳ್ಳುವುದು. "ನೀನು ಯಾವಾಗಲೂ ತಡ, ಸೋಮಾರಿ" ಎಂದರೆ ಮಗ ಮುಖ ತಿರುಗಿಸುತ್ತಾನೆ. "ಈ ವಾರ ಮೂರು ದಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಹೋದೆ. ನನಗೆ ಚಿಂತೆಯಾಗಿದೆ. ನಿನಗೆ ಪಾಠ ತಪ್ಪಬಾರದೆಂಬುದು ನನ್ನ ಆಸೆ. ನಾಳೆ ಅರ್ಧ ಗಂಟೆ ಮುಂಚೆ ಏಳುತ್ತೀಯಾ?" ಎಂದರೆ ಅವನು ಉತ್ತರ ಕೊಡುತ್ತಾನೆ.

ಇಂಥ ಮಾತಿನ ಬಲವನ್ನು ನಮ್ಮ ತೆಲಂಗಾಣದ ನೆಲವೇ ಕಂಡಿದೆ. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರು ಪೋಚಂಪಲ್ಲಿಗೆ ನಡೆದು ಬಂದರು. ಭೂಮಿಗಾಗಿ ರಕ್ತ ಹರಿದಿದ್ದ ಕಾಲ ಅದು. ಅಲ್ಲಿನ ಹರಿಜನರ ಕಷ್ಟವನ್ನು ಅವರು ಕುಳಿತು ಕೇಳಿದರು, ಎಷ್ಟು ಭೂಮಿ ಬೇಕೆಂದು ವಿಚಾರಿಸಿದರು. 80 ಎಕರೆ ಎಂಬ ಉತ್ತರ ಬಂತು. ವಿನೋಬಾ ಯಾರನ್ನೂ ದೂಷಿಸದೆ ಆ ಬೇಡಿಕೆಯನ್ನು ಊರವರ ಮುಂದಿಟ್ಟರು. ಆಗ ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು 100 ಎಕರೆ ಕೊಡುವೆನೆಂದರು. ಭೂದಾನ ಚಳವಳಿ ಹುಟ್ಟಿದ್ದು ಹೀಗೆ.

ಇನ್ನು ಕೃತಜ್ಞತೆಯ ವಿಷಯಕ್ಕೆ ಬರೋಣ. 'ದಡ್ಡ' ಎಂಬುದು ಹೇಗೆ ತೀರ್ಪೋ 'ಜಾಣ' ಎಂಬುದೂ ಹಾಗೆಯೇ ತೀರ್ಪು ಎನ್ನುತ್ತಾರೆ ರೋಸೆನ್‌ಬರ್ಗರು. ಒಮ್ಮೆ ಅವರ ಶಿಬಿರ ಮುಗಿದ ಮೇಲೆ ಮಹಿಳೆಯೊಬ್ಬರು ಬಂದು, ನೀವು ಮಹಾ ಬುದ್ಧಿವಂತರು ಎಂದು ಹೊಗಳಿದರು. ಅವರು ಅಷ್ಟಕ್ಕೆ ತೃಪ್ತರಾಗದೆ, ನಾನು ಮಾಡಿದ ಯಾವ ಕೆಲಸದಿಂದ ನಿಮಗೆ ಅನುಕೂಲವಾಯಿತು ಎಂದು ಕೇಳಿದರು. ಆಕೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ಎರಡು ವಾಕ್ಯಗಳನ್ನು ತೋರಿಸಿದರು. ಹದಿನೆಂಟು ವರ್ಷದ ಮಗನೊಡನೆ ಪ್ರೀತಿಯಿಂದ ಇರಲಾಗದೆ ದಾರಿ ಹುಡುಕುತ್ತಿದ್ದ ಆ ತಾಯಿಗೆ ಆ ಎರಡು ವಾಕ್ಯಗಳಲ್ಲಿ ಭರವಸೆ ಸಿಕ್ಕಿತ್ತು. ತಮ್ಮ ಪಾಠ ಎಲ್ಲಿಗೆ ಮುಟ್ಟಿತೆಂದು ಗುರುವಿಗೆ ಆಗ ತಿಳಿಯಿತು.

ಆದ್ದರಿಂದ ನಿಜವಾದ ಕೃತಜ್ಞತೆಗೆ ಮೂರು ಅಂಗಗಳಿವೆ: ಅವರು ಮಾಡಿದ ಕೆಲಸ, ಅದರಿಂದ ನೀಗಿದ ನಮ್ಮ ಅಗತ್ಯ, ಆಗ ನಮಗಾದ ಭಾವನೆ. "ಗುರುಗಳೇ, ನನಗೆ ಭಿನ್ನರಾಶಿ ತಿಳಿಯದಿದ್ದಾಗ ಶಾಲೆ ಬಿಟ್ಟ ಮೇಲೆ ಕೂಡಿಸಿಕೊಂಡು, ರೊಟ್ಟಿ ಮುರಿದು ತೋರಿಸಿದಿರಿ. ಯಾರೂ ನಗದ ಹಾಗೆ ಕಲಿಯುವುದು ನನಗೆ ಬೇಕಾಗಿತ್ತು. ಅಂದಿನಿಂದ ಲೆಕ್ಕದ ಹೆದರಿಕೆ ಹೋಯಿತು." ಇಷ್ಟು ಹೇಳಿದರೆ ಸಾಕು. ಇದರಲ್ಲಿ ಮುಖಸ್ತುತಿ ಇಲ್ಲ, ಖರ್ಚೂ ಇಲ್ಲ.

ನಮ್ಮ ಭಾಗಕ್ಕೆ ಇದು ಹೆಚ್ಚು ಅಗತ್ಯ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿದರೂ ಮನೆಯ ಮಾತು ಸರಿಯಲಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಉರ್ದು ಕೇಳುತ್ತ ಬೆಳೆಯುವ ಮಗು ಒಂದು ಪದ ತಪ್ಪಿದಾಗ ಯಾರಾದರೂ ನಕ್ಕರೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗು ಕಲಿಯುವುದನ್ನೂ ಬಿಡಬಹುದು. ಅಂಥ ಮಗುವನ್ನು ತಾಳ್ಮೆಯಿಂದ ಮಾತನಾಡಿಸುವ ಶಿಕ್ಷಕರಿಗೆ ನಮ್ಮ ಒಂದು ಮಾತು ಬಲ ಕೊಡುತ್ತದೆ.

ಪಾಲಕರೇ, ದೂರು ಹೇಳಲು ಮಾತ್ರ ಶಾಲೆಯ ಮೆಟ್ಟಿಲು ಹತ್ತಬೇಡಿರಿ. ಮಗುವಿಗೆ ಆದ ಒಂದು ಒಳಿತನ್ನು ಹೇಳಲಿಕ್ಕೂ ಬನ್ನಿರಿ. ವಿದ್ಯಾರ್ಥಿಗಳೇ, ನಿಮಗೆ ಕಲಿಸಿದ ಒಬ್ಬ ಗುರುಗಳನ್ನು ನೆನೆದು ಮೂರು ವಾಕ್ಯ ಬರೆಯಿರಿ. ಅವರು ನಿವೃತ್ತರಾಗಿದ್ದರೆ ಅಂಚೆಯಲ್ಲಿ ಕಳುಹಿಸಿರಿ, ಹತ್ತಿರವಿದ್ದರೆ ಕೈಯಲ್ಲಿಯೇ ಕೊಡಿರಿ.