ಕೆತ್ತಿದವರ ಹೆಸರೂ ಬೇಕು

‘ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವರು ಯಾರು?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನೇ ಕೇಳಿ, ‘ವಿಷ್ಣುವರ್ಧನ, 1117’ ಎಂದು ಥಟ್ಟನೆ ಹೇಳುತ್ತಾರೆ. ‘ಕೆತ್ತಿದವರು ಯಾರು?’ ಎಂದರೆ ಜಕಣಾಚಾರಿಯ ಕಥೆ ಬರುತ್ತದೆ. ಆದರೆ ಅಲ್ಲಿನ ಕೆಲವು ಮದನಿಕೆಯರ ಪೀಠದಲ್ಲೇ ಉತ್ತರವಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ.

ಇದು ಎಷ್ಟು ದೊಡ್ಡ ಭಾಗ್ಯ ಎಂಬುದು ಆಫ್ರಿಕಾದ ಕಲೆಗೆ ಆದದ್ದನ್ನು ಓದಿದಾಗ ತಿಳಿಯುತ್ತದೆ. 1897ರಲ್ಲಿ ಬ್ರಿಟಿಷ್ ಸೇನೆ ಇಂದಿನ ನೈಜೀರಿಯಾದ ಬೆನಿನ್ ನಗರವನ್ನು ಸುಟ್ಟು, ಅರಮನೆಯಿಂದ ಸಾವಿರಾರು ಲೋಹದ ಫಲಕ, ದಂತದ ಕೆತ್ತನೆಗಳನ್ನು ದೋಚಿತು. ಇಷ್ಟು ನಯವಾದ ಎರಕ ಆಫ್ರಿಕನ್ನರ ಕೈಯಿಂದ ಆಗದು ಎಂದುಕೊಂಡ ಕೆಲವರು ಅದರ ಹಿಂದೆ ಪೋರ್ಚುಗೀಸರನ್ನು ಹುಡುಕಿದರು. 1910ರಲ್ಲಿ ಇಫೆಯ ಶಿಲ್ಪಗಳನ್ನು ಕಂಡ ಜರ್ಮನಿಯ ಫ್ರೊಬೇನಿಯಸ್ ಅವುಗಳ ಮೂಲವನ್ನು ಕಟ್ಟುಕಥೆಯ ಅಟ್ಲಾಂಟಿಸ್‌ಗೇ ಒಯ್ದ!

ಮ್ಯೂಸಿಯಂಗಳಲ್ಲಿ ಬಹುಕಾಲ ಇಂಥ ಕೃತಿಗಳ ಕೆಳಗೆ ಬುಡಕಟ್ಟಿನ ಹೆಸರಷ್ಟೇ ಇರುತ್ತಿತ್ತು. ಇಕೆರೆ ಅರಮನೆಯ ಮರದ ಬಾಗಿಲನ್ನು 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನದಲ್ಲಿಟ್ಟರು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೆತ್ತಿದ ಓಲೊವೆ ಆಗಿನ್ನೂ ಬದುಕಿದ್ದ. ಅವನ ಹೆಸರು ಹೊರಜಗತ್ತಿಗೆ ತಿಳಿದದ್ದು ಮಾತ್ರ ಎಷ್ಟೋ ವರ್ಷಗಳ ನಂತರ.

ನಮ್ಮ ಕಲೆಯನ್ನೂ ಅವರು ನೋಡಿದ್ದು ಅದೇ ಕನ್ನಡಕದಲ್ಲಿ. ಜಾವಾದ ಬುದ್ಧನ ಮೂರ್ತಿಯೊಂದನ್ನು ಜಾರ್ಜ್ ಬರ್ಡ್‌ವುಡ್ 1910ರಲ್ಲಿ ಲಂಡನ್ನಿನ ಸಭೆಯಲ್ಲಿ ಬೇಯಿಸಿದ ಪುಡಿಂಗ್‌ಗೆ ಹೋಲಿಸಿದ. ಜೇಮ್ಸ್ ಫರ್ಗುಸನ್ ಹಾಗಲ್ಲ. 1876ರ ತನ್ನ ಪುಸ್ತಕದಲ್ಲಿ ಹಳೇಬೀಡನ್ನು ಮನಸಾರೆ ಹೊಗಳಿದ. ಆದರೆ ಅಥೆನ್ಸಿನ ಪಾರ್ಥೆನಾನ್ ಜೊತೆ ಹೋಲಿಸುವಾಗ ಬುದ್ಧಿಯನ್ನು ಗ್ರೀಕರಿಗೆ ಕೊಟ್ಟು, ಭಕ್ತಿ ಭಾವವನ್ನು ನಮಗೆ ಉಳಿಸಿದ.

ಎಂಜಿನಿಯರಿಂಗ್ ಓದುವ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಸುಮಾರು 1220ರಲ್ಲಿ ಕಟ್ಟಿದ ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪ 16 ಮೂಲೆಯ ನಕ್ಷತ್ರ. ಒಂದು ಚೌಕ ಬರೆದು, ನಡುಬಿಂದುವನ್ನು ಹಿಡಿದು 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ ನೋಡಿ, ಅಂಥ ನಕ್ಷತ್ರ ಮೂಡುತ್ತದೆ. ಕಾಗದದ ಮೇಲೆ ಇದು ಸುಲಭ. ಭಾರ ಹೊರುವ ಕಲ್ಲಿನಲ್ಲಿ, ಕೋನ ತಪ್ಪದಂತೆ ನಿಲ್ಲಿಸುವುದು ಬರೀ ಭಾವದ ಕೆಲಸವೇ?

ಜರ್ಮನಿ 2022ರಲ್ಲಿ ಬೆನಿನ್ ಕಲಾಕೃತಿಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಕೃತಿಗಳು ಮರಳಬಹುದು, ಅಳಿಸಿಹೋದ ಹೆಸರುಗಳು ಸುಲಭಕ್ಕೆ ಮರಳುವುದಿಲ್ಲ. ನಮ್ಮಲ್ಲಿ ಹೆಸರುಗಳು ಉಳಿದಿವೆ, ನಾವೇ ಅವನ್ನು ಓದುತ್ತಿಲ್ಲ. ಇದಕ್ಕೆ ಬ್ರಿಟಿಷರನ್ನು ದೂರಿ ಪ್ರಯೋಜನವಿಲ್ಲ.

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಬರುವವರಿಗೆ ರಾಜನ ಹೆಸರಿನ ಜೊತೆ ದಾಸೋಜ, ಚಾವಣರ ಹೆಸರನ್ನೂ ಹೇಳೋಣ. ಅವರು ಕೆತ್ತಿದ ಸಾಲನ್ನು ಇಂದಿನ ಕನ್ನಡದಲ್ಲಿ ಪಕ್ಕದಲ್ಲೇ ಬರೆದು ಹಾಕಿದರೆ ಹೆಚ್ಚು ಖರ್ಚೂ ಇಲ್ಲ. ಅಲ್ಲಿಯವರೆಗೆ, ನೀವು ಹೋದಾಗ ಮದನಿಕೆಯ ಮುಖದ ಜೊತೆ ಪೀಠವನ್ನೂ ಒಮ್ಮೆ ನೋಡಿ ಬನ್ನಿ.