ಮಣ್ಣು ಕೊಚ್ಚಿಹೋದ ಹೊಲ, ಗುಳೆ ಹೊರಟ ಕುಟುಂಬ

ಉತ್ತರ ಕರ್ನಾಟಕದ ಎರೆಭೂಮಿಯ ರೈತರಿಗೆ ಬರ ಹೊಸದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆದರೆ ಊರು ಬಿಡಿಸುವ ಬರದ ಹಿಂದೆ ಮಣ್ಣಿನ ಸವಕಳಿಯೂ ಇರುತ್ತದೆ ಎಂಬುದನ್ನು ನಾವು ಅರಿಯಬೇಕು.

ಇಲ್ಲಿಯ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಮುಖ್ಯವಾಗಿ ಮಣ್ಣು ಹಿಡಿದಿಟ್ಟ ತೇವದಿಂದ. ಮುಂಗಾರಿನಲ್ಲಿ ಬೀಳುಬಿಟ್ಟ ಹೊಲದ ಮೇಲೆ ರಭಸದ ಮಳೆ ಸುರಿದಾಗ, ಒಡ್ಡು ಒಡೆದಿದ್ದರೆ, ಫಲವತ್ತಾದ ಮೇಲ್ಮಣ್ಣು ಹಳ್ಳ ಸೇರುತ್ತದೆ. ಒಂದಂಗುಲ ಮಣ್ಣು ಮೂಡಲು ನೂರಾರು ವರ್ಷಗಳು ಬೇಕು. ಉಳಿದ ತೆಳುಮಣ್ಣಿನಲ್ಲಿ ತೇವ ನಿಲ್ಲದು. ಮಳೆ ತುಸು ತಡವಾದರೂ ಬೆಳೆ ಒಣಗುತ್ತದೆ, ಬೀಜ-ಗೊಬ್ಬರದ ಸಾಲ ಮಾತ್ರ ಉಳಿಯುತ್ತದೆ. ಎತ್ತು ಮಾರಿ, ವೃದ್ಧರನ್ನು ಮನೆಯಲ್ಲಿ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ, ಕುಟುಂಬವು ಬೆಂಗಳೂರಿಗೋ ಗೋವೆಗೋ ಗುಳೆ ಹೋಗುತ್ತದೆ. ಒಡೆಯನಿಲ್ಲದ ಹೊಲದ ಒಡ್ಡನ್ನು ಸರಿಪಡಿಸುವವರಿಲ್ಲ. ಮರುವರ್ಷ ಇನ್ನಷ್ಟು ಮಣ್ಣು ಹೋಗುತ್ತದೆ.

ಈ ಸರಪಳಿಯನ್ನು ಒಡ್ಡಿನಲ್ಲಿಯೇ ಕಡಿಯಬೇಕು. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದುವಿನ ಮೇಲೆ ಹುಲ್ಲು, ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ: ಇವೆಲ್ಲ ನಮ್ಮ ಕೈಗೆ ನಿಲುಕುವ ಕಾಯಕಗಳೇ. ಗುಳೆ ಹೋದ ನೆರೆಯವರ ಒಡ್ಡನ್ನೂ ಮಳೆಗೆ ಮುನ್ನ ನಾವೆಲ್ಲ ಸೇರಿ ಕಟ್ಟೋಣ. ಅವರು ಮರಳಿ ಬಂದಾಗ ಬಿತ್ತಲು ಮಣ್ಣಿರಲಿ.